ಬ್ರೇಕಿನಲ್ಲಿ ಉರಿದುಹೋಗುವ ಪೆಟ್ರೋಲು: ಸಣ್ಣ ಕಾರಿನ ಮೈಲೇಜು ಹೆಚ್ಚಿಸಿಕೊಂಡ ನನ್ನ ಅನುಭವ

ನಾನು ಓಡಿಸುವುದು 998 ಸಿಸಿಯ, ಮೂರು ಸಿಲಿಂಡರಿನ, 2019ರಲ್ಲಿ ಕೊಂಡ ಒಂದು ಸಣ್ಣ ಪೆಟ್ರೋಲ್ ಕಾರು. ತುಮಕೂರಿನ ಮನೆಯಿಂದ ಕೊರಟಗೆರೆಗೆ ಕೆಲಸದ ಮೇಲೆ ಪ್ರತಿದಿನ, ಬೆಂಗಳೂರಿಗೆ ಆಗಾಗ ಅದರಲ್ಲೇ ಓಡಾಟ. ಲೀಟರಿಗೆ 17 ಕಿಲೋಮೀಟರಿನ ಆಸುಪಾಸಿನಲ್ಲಿದ್ದ ಅದರ ಮೈಲೇಜು ಈಗ 21ಕ್ಕಿಂತ ಕೆಳಗಿಳಿಯುವುದು ಅಪರೂಪ. ಇದಕ್ಕಾಗಿ ಗಾಡಿಗೆ ಯಾವ ಹೊಸ ಭಾಗವನ್ನೂ ಹಾಕಿಸಿಲ್ಲ, ಟ್ಯಾಂಕಿಗೆ ಯಾವ ದ್ರಾವಣವನ್ನೂ ಸುರಿದಿಲ್ಲ. ಮುಖ್ಯವಾಗಿ ಬದಲಾದದ್ದು ಬ್ರೇಕಿನ ಬಳಕೆ. ಟಯರಿನ ಗಾಳಿ, ಎಸಿ, ಸರ್ವೀಸು ಇವೆಲ್ಲ ಅದರ ನಂತರದ ಮಾತು ಎಂಬುದು ನನ್ನ ಖಚಿತ ಅಭಿಪ್ರಾಯ. ಏಕೆ ಎಂಬುದನ್ನು ಲೆಕ್ಕದ ಸಮೇತ ವಿವರಿಸುತ್ತೇನೆ.

ಅದಕ್ಕೂ ಮೊದಲು ಅಳತೆಯ ವಿಷಯ. ಮೈಲೇಜು ಹೆಚ್ಚಿತೋ ಇಲ್ಲವೋ ಎಂದು ತಿಳಿಯಬೇಕಾದರೆ ಅಳೆಯುವ ಕ್ರಮ ಪ್ರತಿ ಸಲವೂ ಒಂದೇ ಆಗಿರಬೇಕು. ಟ್ಯಾಂಕ್ ಫುಲ್ ಮಾಡಿಸಿ, ಟ್ರಿಪ್ ಮೀಟರನ್ನು ಸೊನ್ನೆಗೆ ತಂದು, ಮುಂದಿನ ಸಲ ಅದೇ ಬಂಕಿನ ಅದೇ ಪಂಪಿನಲ್ಲಿ ಮತ್ತೆ ಫುಲ್ ಮಾಡಿಸಿ, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸುತ್ತೇನೆ. ನಳಿಕೆ ಮೊದಲ ಸಲ ತಾನಾಗಿಯೇ ನಿಂತ ಕೂಡಲೇ ಸಾಕು ಎನ್ನಬೇಕು. ಚಿಲ್ಲರೆ ಸರಿಹೊಂದಿಸಲು ಇನ್ನೊಂದಿಷ್ಟು ಹಾಕಿಸಿಕೊಂಡರೆ ಅಷ್ಟರಿಂದಲೇ ಲೆಕ್ಕ ಕೆಡುತ್ತದೆ. ಒಂದು ಟ್ಯಾಂಕಿನ ಅಂಕಿಯನ್ನು ನಾನು ನಂಬುವುದಿಲ್ಲ, ಮೂರು ನಾಲ್ಕು ಟ್ಯಾಂಕುಗಳ ಸರಾಸರಿಯನ್ನು ಮಾತ್ರ ನಂಬುತ್ತೇನೆ. ಡ್ಯಾಶ್‌ಬೋರ್ಡಿನ ಪರದೆ ತೋರಿಸುವ ಮೈಲೇಜು ನನ್ನ ಕಾರಿನಲ್ಲಿ ನಿಜಕ್ಕಿಂತ ತುಸು ಹೆಚ್ಚಾಗಿಯೇ ಇರುತ್ತದೆ. ಇನ್ನು ಕಂಪನಿಯ ಜಾಹೀರಾತಿನಲ್ಲಿ ಬರುವ ಅಂಕಿ, ವಾಹನಗಳನ್ನು ಪರೀಕ್ಷಿಸುವ ಪುಣೆಯ ಎಆರ್‌ಎಐನಂತಹ ಸಂಸ್ಥೆಗಳು ಪ್ರಯೋಗಾಲಯದಲ್ಲಿ ರೋಲರುಗಳ ಮೇಲೆ ಕಾರನ್ನು ನಿಲ್ಲಿಸಿ, ನಿಗದಿತ ವೇಗಗಳಲ್ಲಿ, ಎಸಿ ಇಲ್ಲದೆ ಓಡಿಸಿ ಪಡೆದದ್ದು. ಎರಡು ಕಾರುಗಳನ್ನು ಹೋಲಿಸಲು ಅದು ಉಪಯುಕ್ತ, ಆದರೆ ನಮ್ಮ ರಸ್ತೆಯಲ್ಲಿ ಅಷ್ಟೇ ಬರಬೇಕೆಂದು ಕೇಳುವುದು ನ್ಯಾಯವಲ್ಲ.

ಈಗ ಬ್ರೇಕಿಗೆ ಬರೋಣ. ನನ್ನ ಕಾರು, ಒಳಗೆ ಕುಳಿತ ಇಬ್ಬರು ಸೇರಿ ಸುಮಾರು 950 ಕಿಲೋ ತೂಗುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 60 ಕಿಲೋಮೀಟರಿನಲ್ಲಿ ಓಡುವಾಗ ಅದರಲ್ಲಿರುವ ಚಲನಶಕ್ತಿ ಸುಮಾರು 132 ಕಿಲೋಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿ ಇದ್ದರೂ ಅದರ ಬಹುಪಾಲು ಸೈಲೆನ್ಸರಿನಿಂದಲೂ ರೇಡಿಯೇಟರಿನಿಂದಲೂ ಬಿಸಿಯಾಗಿ ಹೊರಹೋಗುತ್ತದೆ. ಚಕ್ರಕ್ಕೆ ತಲುಪುವುದು ಕಾಲು ಭಾಗ ಎಂದು ಹಿಡಿದರೆ ಲೀಟರಿಗೆ 8 ಮೆಗಾಜೂಲ್. ಅಂದರೆ ನಿಂತ ಕಾರನ್ನು 60ರ ವೇಗಕ್ಕೆ ತರಲು ಹೆಚ್ಚುಕಡಿಮೆ 16 ಮಿಲಿಲೀಟರ್, ಮೂರು ಟೀ ಚಮಚದಷ್ಟು ಪೆಟ್ರೋಲು ಬೇಕು. ಬ್ರೇಕ್ ಒತ್ತಿ ನಿಲ್ಲಿಸಿದೊಡನೆ ಆ ಮೂರು ಚಮಚವೂ ಡಿಸ್ಕಿನ ಮತ್ತು ಡ್ರಮ್ಮಿನ ಬಿಸಿಯಾಗಿ ಗಾಳಿಗೆ ಸೇರುತ್ತದೆ, ಮತ್ತೆ ವೇಗ ಪಡೆಯಲು ಹೊಸದಾಗಿ ಮೂರು ಚಮಚ ಉರಿಸಬೇಕು. ಇಪ್ಪತ್ತು ಕಿಲೋಮೀಟರಿನ ದಾರಿಯಲ್ಲಿ ಹತ್ತು ಸಲ ಹೀಗಾದರೆ 160 ಮಿಲಿಲೀಟರ್. ಅಷ್ಟು ದೂರಕ್ಕೆ ಒಟ್ಟು ಒಂದು ಲೀಟರ್ ಬೇಕಾಗುವ ಕಾರಿಗೆ ಇದು ಸಣ್ಣ ಮೊತ್ತವಲ್ಲ. ವೇಗ 80 ಆಗಿದ್ದರೆ ಪ್ರತಿ ಸಲದ ನಷ್ಟ 29 ಮಿಲಿಲೀಟರಿಗೆ ಏರುತ್ತದೆ, ಏಕೆಂದರೆ ಚಲನಶಕ್ತಿ ಹೆಚ್ಚುವುದು ವೇಗದ ವರ್ಗದ ಪ್ರಮಾಣದಲ್ಲಿ.

ನಮ್ಮ ಹಳ್ಳಿ ದಾರಿಗಳಲ್ಲಿ ಊರಿನ ತುದಿಗೊಂದು, ಶಾಲೆಯ ಮುಂದೊಂದು, ದೇವಸ್ಥಾನದ ತಿರುವಿಗೊಂದು ಹಂಪ್ ಇದ್ದೇ ಇರುತ್ತದೆ. ನಿತ್ಯ ಓಡಾಡುವ ದಾರಿಯಾದ್ದರಿಂದ ಅವು ಎಲ್ಲಿವೆ ಎಂಬುದು ನನಗೆ ಕಂಠಪಾಠವಾಗಿದೆ. ಹಂಪಿಗೆ 200ರಿಂದ 250 ಮೀಟರ್ ಇರುವಾಗಲೇ, ಎಂದರೆ ನಾಲ್ಕೈದು ವಿದ್ಯುತ್ ಕಂಬಗಳಷ್ಟು ಮೊದಲೇ, ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತೇನೆ. ಕ್ಲಚ್ ಒತ್ತುವುದಿಲ್ಲ, ಗೇರನ್ನು ನ್ಯೂಟ್ರಲ್‌ಗೆ ತಳ್ಳುವುದೂ ಇಲ್ಲ. ಕಾರು ತನ್ನ ಓಟದಲ್ಲೇ ನಿಧಾನವಾಗುತ್ತಾ ಬಂದು ಹಂಪ್ ಮುಟ್ಟುವ ಹೊತ್ತಿಗೆ ವೇಗ 25ಕ್ಕೆ ಇಳಿದಿರುತ್ತದೆ. ಬ್ರೇಕು ಕೊನೆಯ ಕೆಲವು ಮೀಟರಿಗೆ ಮಾತ್ರ, ಅದೂ ಹಗುರವಾಗಿ. ಹಿಂದೆ ವಾಹನ ಇದ್ದರೆ ಅವರಿಗೆ ತಿಳಿಯಲೆಂದು ಬ್ರೇಕ್ ಪೆಡಲನ್ನು ದೀಪ ಹೊತ್ತುವಷ್ಟು ಮಾತ್ರ ಮುಟ್ಟುತ್ತೇನೆ.

ಗೇರಿನಲ್ಲೇ ಬಿಡಬೇಕು ಎಂಬುದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನ್ಯೂಟ್ರಲ್ ಹಾಕಿ ಇಳಿಜಾರು ಇಳಿಸಿದರೆ ಪೆಟ್ರೋಲು ಉಳಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸುತ್ತಿದ್ದ ಹಳೆಯ ಸಾಧನವಾದ ಕಾರ್ಬ್ಯುರೇಟರಿನ ಕಾಲದಿಂದ ಉಳಿದು ಬಂದ ನಂಬಿಕೆ ಅದು. ಇಂದಿನ ಇಂಜೆಕ್ಷನ್ ಕಾರುಗಳಲ್ಲಿ ಗೇರಿನಲ್ಲಿರುವಾಗ ಕಾಲು ತೆಗೆದರೆ, ಚಕ್ರಗಳೇ ಎಂಜಿನನ್ನು ತಿರುಗಿಸುತ್ತಿರುವುದರಿಂದ, ಎಂಜಿನನ್ನು ನಿಯಂತ್ರಿಸುವ ಗಣಕ ಪೆಟ್ರೋಲಿನ ಸಿಂಪರಣೆಯನ್ನು ಪೂರ್ತಿಯಾಗಿ ನಿಲ್ಲಿಸುತ್ತದೆ. ಎಂಜಿನ್ ವೇಗ ಐಡ್ಲಿಂಗಿನ ಹತ್ತಿರಕ್ಕೆ ಇಳಿದಾಗ ಮಾತ್ರ ಮತ್ತೆ ಆರಂಭಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರಿಹೋಗದಂತೆ ನೋಡಿಕೊಳ್ಳಲು ಪೆಟ್ರೋಲು ಸುಡುತ್ತಲೇ ಇರಬೇಕು. ದೇವರಾಯನದುರ್ಗ ಬೆಟ್ಟದ ತಿರುವುಗಳನ್ನು ಇಳಿಯುವಾಗ ಎರಡನೇ ಅಥವಾ ಮೂರನೇ ಗೇರಿನಲ್ಲಿ ಕಾಲೆತ್ತಿ ಕುಳಿತರೆ ಪೆಟ್ರೋಲೂ ಖರ್ಚಾಗುವುದಿಲ್ಲ, ಬ್ರೇಕೂ ಬಿಸಿಯಾಗುವುದಿಲ್ಲ. ಅಂತಹ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕುವುದು ಅಪಾಯ. ಯಾರೂ ಹಾಗೆ ಮಾಡಬಾರದು. ಹತ್ತುವಾಗಿನ ಖರ್ಚನ್ನು ಮಾತ್ರ ತಪ್ಪಿಸಲಾಗದು: ಪ್ರತಿ 100 ಮೀಟರ್ ಎತ್ತರಕ್ಕೆ ಸುಮಾರು 115 ಮಿಲಿಲೀಟರ್ ಕೊಡಲೇಬೇಕು.

ವೇಗ ಪಡೆಯುವಾಗ ಆಮೆಯಂತೆ ಹೋಗಬೇಕಾಗಿಲ್ಲ. ಪೆಡಲನ್ನು ಅರ್ಧಕ್ಕೆ ಸಮೀಪ ಒತ್ತಿ, ಎಂಜಿನ್ ನಿಮಿಷಕ್ಕೆ 2,000ದಿಂದ 2,500 ಸುತ್ತಿಗೆ ಬಂದಾಗ ಮುಂದಿನ ಗೇರು ಹಾಕುತ್ತೇನೆ. ಹೀಗೆ ಮಾಡಿದರೆ 45ರ ಹೊತ್ತಿಗೆ ನಾಲ್ಕನೆಯದೂ 55 ದಾಟಿದ ಮೇಲೆ ಐದನೆಯದೂ ಬಿದ್ದಿರುತ್ತವೆ. ಕೆಳಗಿನ ಗೇರಿನಲ್ಲಿ ಎಳೆದಾಡುತ್ತಾ ಮೆಲ್ಲಗೆ ಹೋಗುವುದಕ್ಕಿಂತ ಬೇಗ ಮೇಲಿನ ಗೇರಿಗೆ ತಲುಪುವುದು ಲಾಭಕರ. ಎಂಜಿನ್ ಗದಗುಟ್ಟಿದರೆ ಗೇರು ಇಳಿಸಲೇಬೇಕು.

ಬೆಂಗಳೂರು ಹೆದ್ದಾರಿಯಲ್ಲಿ ಬ್ರೇಕಿಗಿಂತ ದೊಡ್ಡ ಶತ್ರು ಗಾಳಿಯ ಪ್ರತಿರೋಧ. 80ರ ಬದಲು 100ರಲ್ಲಿ ಹೋದರೆ ಗಾಳಿ ಒಡ್ಡುವ ತಡೆ ಒಂದೂವರೆ ಪಟ್ಟಿಗಿಂತ ಹೆಚ್ಚುತ್ತದೆ. ಸಣ್ಣ ಕಾರುಗಳು ಎತ್ತರವಾಗಿ, ಮುಂಭಾಗ ಚಪ್ಪಟೆಯಾಗಿ ಇರುವುದರಿಂದ ಅವಕ್ಕೆ ಈ ಹೊಡೆತ ಇನ್ನೂ ಜೋರು. ನನ್ನ ಕಾರಿನಲ್ಲಿ 80ರ ಒಳಗೆ ಹೋಗಿಬಂದ ಟ್ಯಾಂಕುಗಳು ಲೀಟರಿಗೆ 23ರ ಹತ್ತಿರ ಕೊಟ್ಟರೆ 100ರಲ್ಲಿ ಓಡಿದವು 18ಕ್ಕೆ ನಿಂತಿವೆ. ಕ್ಯಾತ್ಸಂದ್ರದಿಂದ ನೆಲಮಂಗಲದವರೆಗೆ ಉಸಿರುಗಟ್ಟಿ ಓಡಿಸಿ ಉಳಿಸಿದ ಕೆಲವು ನಿಮಿಷಗಳನ್ನು ನೆಲಮಂಗಲ, ಪೀಣ್ಯದ ದಟ್ಟಣೆ ಅಲ್ಲೇ ನುಂಗಿಹಾಕುವುದನ್ನು ಕಂಡವರಿಗೆ 80ರಲ್ಲಿ ಹೋಗಲು ಬೇಸರವಾಗಲಾರದು.

ಕಾರಿನ ದೇಹಸ್ಥಿತಿಯ ಕಡೆಗೆ ಬಂದರೆ, ನಾನು ಹೆಚ್ಚು ಹೊತ್ತು ಕೊಟ್ಟದ್ದು ಚಕ್ರಗಳು ಸಡಿಲವಾಗಿ ತಿರುಗುತ್ತವೆಯೇ ಎಂಬುದಕ್ಕೆ. ಪಾದ ಬ್ರೇಕಿನ ಮೇಲೆ ಇಲ್ಲದಿದ್ದರೂ ಬ್ರೇಕು ತಾನಾಗಿ ಹಿಡಿದುಕೊಂಡಿದ್ದರೆ ಮೇಲೆ ಹೇಳಿದ ಚಾಲನೆಯ ಶಿಸ್ತೆಲ್ಲ ವ್ಯರ್ಥ. ಪರೀಕ್ಷೆ ಸುಲಭ: ಖಾಲಿ ರಸ್ತೆಯಲ್ಲಿ ಸ್ವಲ್ಪ ದೂರ ಓಡಿಸಿ, ಆದಷ್ಟು ಬ್ರೇಕ್ ಬಳಸದೆ ನಿಲ್ಲಿಸಿ, ಇಳಿದು ನಾಲ್ಕೂ ಚಕ್ರಗಳ ರಿಮ್ಮಿನ ಹತ್ತಿರ ಅಂಗೈಯ ಹಿಂಭಾಗವನ್ನು ಹಿಡಿಯಬೇಕು, ಮುಟ್ಟಬಾರದು. ಒಮ್ಮೆ ಎಡ ಹಿಂಬದಿಯ ಚಕ್ರದಿಂದ ಮಾತ್ರ ಬಿಸಿ ಹೊಡೆಯಿತು. ಗ್ಯಾರೇಜಿನಲ್ಲಿ ಜಾಕ್ ಏರಿಸಿ ಹುಡುಗ ಕೈಯಿಂದ ತಿರುಗಿಸಿದಾಗ ಚಕ್ರ ಸರಸರ ಸದ್ದು ಮಾಡಿ ಅರ್ಧ ಸುತ್ತಿಗೇ ನಿಂತುಬಿಟ್ಟಿತು. “ಸಾರ್, ಶೂ ವಾಪಸ್ ಬರ್ತಾ ಇಲ್ಲ, ನೋಡಿ,” ಎಂದು ಡ್ರಮ್ ಬಿಚ್ಚಿ ತೋರಿಸಿದ. ಒಳಗೆ ಕಪ್ಪು ಪುಡಿ ಗಟ್ಟಿಯಾಗಿ ಕುಳಿತಿತ್ತು, ಡ್ರಮ್ಮಿಗೆ ಒತ್ತಿ ಚಕ್ರವನ್ನು ನಿಲ್ಲಿಸುವ ಶೂಗಳನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗು ಸೋತಿತ್ತು. ಸ್ಪ್ರಿಂಗ್ ಬದಲಿಸಿ, ಶುಚಿ ಮಾಡಿ, ಹ್ಯಾಂಡ್‌ಬ್ರೇಕಿನ ಕೇಬಲ್ಲನ್ನು ತುಸು ಸಡಿಲಿಸಿದ ಮೇಲೆ ಅದೇ ತಳ್ಳುವಿಕೆಗೆ ಚಕ್ರ ಸದ್ದಿಲ್ಲದೆ ಹಲವು ಸುತ್ತು ತಿರುಗಿತು. ಸರ್ವೀಸಿಗೆ ಬಿಟ್ಟಾಗಲೆಲ್ಲ ಈ ಕೆಲಸವನ್ನು ಬಾಯಿಬಿಟ್ಟು ಹೇಳಿ ಮಾಡಿಸುವುದು ಒಳ್ಳೆಯದು.

ಟಯರಿನ ಗಾಳಿಯನ್ನು ಬೆಳಿಗ್ಗೆ, ಗಾಡಿ ತೆಗೆಯುವ ಮೊದಲು, ಟಯರು ತಣ್ಣಗಿರುವಾಗ ನನ್ನದೇ ಗೇಜಿನಿಂದ ನೋಡುತ್ತೇನೆ. ಓಡಿದ ಟಯರಿನಲ್ಲಿ ಒತ್ತಡ ಏರಿರುತ್ತದೆ. ಎಷ್ಟಿರಬೇಕೆಂಬುದು ಚಾಲಕನ ಬಾಗಿಲಿನ ಚೌಕಟ್ಟಿನ ಚೀಟಿಯಲ್ಲಿದೆ. ಪಂಕ್ಚರ್ ಅಂಗಡಿಯವರ ರೂಢಿಯ ಅಂಕಿಯನ್ನು ಒಪ್ಪಬೇಕಾಗಿಲ್ಲ. ಒತ್ತಡ ಒಂದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಕಡಿಮೆಯಾದರೆ ಮೈಲೇಜು ಇಳಿಯುವುದು ಸರಾಸರಿ ಶೇ 0.2ರಷ್ಟು ಮಾತ್ರ, ಆದರೆ ತಿಂಗಳುಗಟ್ಟಲೆ ನೋಡದೆ ಬಿಟ್ಟ ಟಯರಿನಲ್ಲಿ ಎಂಟು ಹತ್ತು ಪಿಎಸ್‌ಐ ಕಡಿಮೆ ಇರುವುದು ಅಪರೂಪವಲ್ಲ, ಮೇಲಾಗಿ ಟಯರಿನ ಅಂಚೂ ಬೇಗ ಸವೆಯುತ್ತದೆ. ನೈಟ್ರೋಜನ್ನಿಗೆ ಬೇರೆ ದುಡ್ಡು ಕೊಡುವ ಅಗತ್ಯ ನನಗೆ ಕಂಡಿಲ್ಲ. ಸಾಮಾನ್ಯ ಗಾಳಿಯಲ್ಲೇ ಶೇ 78ರಷ್ಟು ಅದಿದೆ.

ಡಿಕ್ಕಿಯಲ್ಲಿ ಸ್ಟೆಪ್ನಿ, ಜಾಕ್ ಬಿಟ್ಟು ಬೇರೇನೂ ಇಡುವುದಿಲ್ಲ, ಮೇಲಿನ ಕ್ಯಾರಿಯರನ್ನು ಬಿಚ್ಚಿಸಿದ್ದೇನೆ. ಊರೊಳಗೆ ಬೆಳಿಗ್ಗೆ ಸಂಜೆ ಕಿಟಕಿ ತೆರೆದು, ಹೆದ್ದಾರಿಯಲ್ಲಿ ಕಿಟಕಿ ಮುಚ್ಚಿ ಎಸಿ ಹಾಕಿ ಹೋಗುತ್ತೇನೆ. ರೈಲ್ವೆ ಗೇಟಿನಲ್ಲಿ ನಿಂತಾಗ ಎಂಜಿನ್ ಆರಿಸುತ್ತೇನೆ. ಸುಮ್ಮನೆ ನಿಂತ ಸಣ್ಣ ಎಂಜಿನ್ ಗಂಟೆಗೆ ಅರ್ಧ ಲೀಟರಿಗಿಂತ ಹೆಚ್ಚು ಕುಡಿಯುತ್ತದೆ. ಎಂಜಿನ್ ಆಯಿಲ್ ಕಂಪನಿ ಹೇಳಿದ ಗ್ರೇಡಿನದೇ ಆಗಿರಬೇಕು; ದಪ್ಪ ಆಯಿಲ್ ಹಾಕಿಸಿದರೆ ಮೈಲೇಜು ಇಳಿಯುತ್ತದೆ. ಏರ್ ಫಿಲ್ಟರನ್ನು ನಮ್ಮ ಕಡೆಯ ಧೂಳಿನ ಕಾರಣಕ್ಕೆ ಬದಲಿಸುತ್ತಿರಬೇಕು, ಆದರೆ ಇಂಜೆಕ್ಷನ್ ಕಾರಿನಲ್ಲಿ ಅದು ಕಟ್ಟಿಕೊಂಡರೆ ಮೊದಲು ಕುಗ್ಗುವುದು ಪಿಕಪ್. ಮೈಲೇಜಿನ ವ್ಯತ್ಯಾಸ ತೀರ ಕಡಿಮೆ. ಸಾಮಾನ್ಯ ಪೆಟ್ರೋಲಿಗೆಂದೇ ತಯಾರಾದ ಎಂಜಿನ್ನಿಗೆ ಹೆಚ್ಚು ಆಕ್ಟೇನಿನ ದುಬಾರಿ ಪೆಟ್ರೋಲು ಹಾಕಿಸಿ ನಾನು ಕಂಡ ಲಾಭ ಏನೂ ಇಲ್ಲ.

ಕೊನೆಯದಾಗಿ ಇ20. ಪೆಟ್ರೋಲಿಗೆ ಶೇ 20ರಷ್ಟು ಎಥೆನಾಲ್ ಬೆರೆಸಿದ ಈ ಇಂಧನದ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ದೊರೆಯಿತು, ಈಗ ಬಂಕುಗಳಲ್ಲಿ ಸಿಗುವುದು ಬಹುತೇಕ ಅದೇ. ಎಥೆನಾಲಿನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಶುದ್ಧ ಪೆಟ್ರೋಲಿಗೆ ವಿನ್ಯಾಸಗೊಂಡು ಇ10ಕ್ಕೆ (ಶೇ 10ರಷ್ಟು ಎಥೆನಾಲ್ ಇರುವ ಪೆಟ್ರೋಲಿಗೆ) ಹೊಂದಿಸಲಾದ ಕಾರುಗಳಲ್ಲಿ ಮೈಲೇಜು ಶೇ 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ಮಾರ್ಗನಕ್ಷೆಯೇ ಅಂದಾಜಿಸಿತ್ತು. ಇದು ಇಂಧನದ ಗುಣ. ಚಾಲಕನಾಗಲಿ ಮೆಕ್ಯಾನಿಕ್ಕಾಗಲಿ ಸರಿಪಡಿಸುವಂಥದ್ದಲ್ಲ. ಹಳೆಯ ಕಾರಿನ ಮೈಲೇಜು ಬಿದ್ದಿತೆಂದು ಇಂಜೆಕ್ಟರ್ ಬದಲಿಸಲು ಹೊರಡುವವರು ಮೊದಲು ತಮ್ಮ ಹಿಂದಿನ ಅಂಕಿಯಿಂದ ಇಷ್ಟನ್ನು ಕಳೆದು, ಉಳಿದ ಕೊರತೆಗೆ ಮಾತ್ರ ಕಾರಣ ಹುಡುಕಿದರೆ ಸಾಕು.