ಅತ್ತೆ ಉಸಿರಾಡುವ ದೂಳೆಷ್ಟು? ಎಕ್ಸೆಲ್‌ನಲ್ಲಿ ಲೆಕ್ಕ ಹಾಕುವ ಬಗೆ

ಬೆಂಗಳೂರಿನ ಜಯನಗರ 5ನೇ ಬ್ಲಾಕಿನ ಮಾಪನ ಕೇಂದ್ರ ತೋರಿಸುವ ಪಿಎಂ 2.5 (ಗಾಳಿಯಲ್ಲಿ ತೇಲುವ ಅತಿ ಸಣ್ಣ ದೂಳಿನ ಕಣ) ಅಂಕಿ ಆ ಯಂತ್ರದ ಪಾಲಿನ ಗಾಳಿಯದ್ದು. ನಿಮ್ಮ ಪಾಲು ನೀವು ಎಲ್ಲಿದ್ದಿರಿ, ಎಷ್ಟು ಹೊತ್ತು ಇದ್ದಿರಿ, ಎಷ್ಟು ಜೋರಾಗಿ ಉಸಿರಾಡಿದಿರಿ ಅನ್ನುವುದರ ಮೇಲೆ ನಿಂತಿದೆ. ಎಂಜಿನಿಯರಿಂಗ್ ಹುಡುಗರಿಗೆ ನಾನು ಮೊದಲು ಮಾಡಿಸುವುದೇ ಈ ಲೆಕ್ಕ. ದೊಡ್ಡ ಸಾಫ್ಟ್‌ವೇರ್ ಬೇಡ, ಎಕ್ಸೆಲ್ ಸಾಕು.

ಶುರು ದಿನಚರಿಯಿಂದ. ನಮ್ಮತ್ತೆಯನ್ನು ಕೇಳಿದರೆ "ಮನೇಲೇ ಇರ್ತೀನಮ್ಮ, ಇನ್ನೆಲ್ಲಿಗೆ ಹೋಗ್ಲಿ?" ಅಂದರು. ಬಿಡಿಸಿ ಕೇಳಿದಾಗ ಒಂದೊಂದೇ ಹೊರಬಂತು. ಬೆಳಿಗ್ಗೆ ಬಾಗಿಲಿಗೆ ನೀರು, ರಂಗೋಲಿ. ಎರಡು ಗಂಟೆ ಅಡುಗೆಮನೆ. ದೇವರ ಮುಂದೆ ಊದುಬತ್ತಿ. ಮಧ್ಯಾಹ್ನ ಕಿಟಕಿ ತೆಗೆದ ಹಾಲ್. ಸಂಜೆ ಸೊಳ್ಳೆ ಬರುತ್ತೆ ಅಂತ ಕಿಟಕಿ ಎಲ್ಲ ಬಂದ್, ಜೊತೆಗೆ ಸೊಳ್ಳೆಬತ್ತಿ. ಒಂದೊಂದಕ್ಕೂ ಒಂದು ಸಾಲು ಕೊಡಿ. ಒಟ್ಟು 24 ಗಂಟೆ ಆಗಬೇಕು. ಲೆಕ್ಕದ ಮುಕ್ಕಾಲು ಪಾಲು ಕೆಲಸ ಇದೇ, ಬೇಜಾರು ಮಾಡಿಕೊಳ್ಳಬೇಡಿ.

ಹೊರಗಿನ ಗಾಳಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಜಾಲತಾಣದಿಂದ ಗಂಟೆಗಂಟೆಯ ಅಂಕಿ ಇಳಿಸಿಕೊಳ್ಳಿ. ಎರಡು ಕಡೆ ಹುಷಾರು. ಎಕ್ಯೂಐ, ಅಂದರೆ ವಾಯು ಗುಣಮಟ್ಟ ಸೂಚ್ಯಂಕದ ಅಂಕಿಯನ್ನು ಲೆಕ್ಕಕ್ಕೆ ಹಾಕಬಾರದು, ಅದು ದೂಳಿನ ತೂಕವಲ್ಲ. ನಮ್ಮ ದೇಶದ ಪಟ್ಟಿಯಲ್ಲಿ ಪಿಎಂ 2.5ರ ಎಕ್ಯೂಐ 100 ಅಂದರೆ ಘನ ಮೀಟರಿಗೆ 60 ಮೈಕ್ರೋಗ್ರಾಂ. ಇನ್ನೊಂದು, ಯಂತ್ರ ಕೆಟ್ಟಿದ್ದ ಗಂಟೆಗಳು ಖಾಲಿ ಇರುತ್ತವೆ. ಅಲ್ಲಿ ಸೊನ್ನೆ ತುಂಬಿದರೆ ಸರಾಸರಿ ಸುಮ್ನೆ ಇಳಿದುಬಿಡುತ್ತದೆ. ಖಾಲಿ ಖಾಲಿಯಾಗೇ ಇರಲಿ.

ಈಗ ಮನೆಯೊಳಗೆ. ಕೋಣೆಯ ಗಾಳಿ ಗಂಟೆಗೆ ಎಷ್ಟು ಸಲ ಬದಲಾಗುತ್ತದೆ ಅನ್ನುವುದು ಒಂದು ಅಂಕಿ. ದೂಳು ನೆಲ, ಗೋಡೆಗೆ ಕೂರುವ ವೇಗ ಇನ್ನೊಂದು. ಅದನ್ನು ಗಂಟೆಗೆ 0.4 ಅಂತ ಇಟ್ಟುಕೊಳ್ಳಿ. ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಮನೆಗಳಲ್ಲಿ 1990ರಲ್ಲಿ ಅಳೆದಾಗಲೂ ಹೆಚ್ಚುಕಮ್ಮಿ ಅಷ್ಟೇ ಸಿಕ್ಕಿತ್ತು. ಮೊದಲನೆಯದನ್ನು ಎರಡರ ಮೊತ್ತದಿಂದ ಭಾಗಿಸಿ, ಹೊರಗಿನ ದೂಳಿನಲ್ಲಿ ಎಷ್ಟು ಪಾಲು ಒಳಗಿರುತ್ತದೆ ಅಂತ ಸಿಗುತ್ತದೆ. ಕಿಟಕಿ ಮುಚ್ಚಿ ಗಾಳಿ ಗಂಟೆಗೆ 0.5 ಸಲ ಬದಲಾದರೆ, 0.5ನ್ನು 0.9ರಿಂದ ಭಾಗಿಸಿದಾಗ 0.56. ಹೊರಗೆ 35 ಇದ್ದರೆ ಒಳಗೆ ಸುಮಾರು 20. ಕಿಟಕಿ ತೆಗೆದು ಗಾಳಿ 5 ಸಲ ಬದಲಾದರೆ ಒಳಗೂ 32. ಅಂದರೆ ಒಳಗೇನೂ ಉರಿಯದಿದ್ದಾಗ ಮಾತ್ರ.

ಉರಿಯುವ ಜಾಗ ಅಡುಗೆಮನೆ. ಇಲ್ಲಿ ನಿಮಿಷಕ್ಕೊಂದು ಸಾಲು ಬೇಕು. ನಮ್ಮದು 20 ಘನ ಮೀಟರ್. ಒಣಮೆಣಸಿನಕಾಯಿ ಒಗ್ಗರಣೆ ನಿಮಿಷಕ್ಕೆ 1 ಮಿಲಿಗ್ರಾಂ ದೂಳು ಬಿಡುತ್ತದೆ ಅಂದುಕೊಂಡರೆ ಪ್ರತಿ ನಿಮಿಷಕ್ಕೆ ಘನ ಮೀಟರಿಗೆ 50 ಮೈಕ್ರೋಗ್ರಾಂ ಏರಿಕೆ. ಹಿಂದಿನ ನಿಮಿಷದ ಅಂಕಿಗೆ ಈ 50 ಮತ್ತು ಹೊರಗಿಂದ ಬಂದದ್ದನ್ನು (ಹೊರಗಿನ ಅಂಕಿಯನ್ನು ಗಂಟೆಗೆ ಗಾಳಿ ಬದಲಾಗುವ ಸಲದಿಂದ ಗುಣಿಸಿ 60ರಿಂದ ಭಾಗಿಸಿದಷ್ಟು) ಕೂಡಿಸಿ, ಹೋದ ಪಾಲನ್ನು ಕಳೆಯಿರಿ. ಗಾಳಿ 2 ಸಲ ಬದಲಾಗುವಾಗ ಹೋಗುವುದು 2.4ನ್ನು 60ರಿಂದ ಭಾಗಿಸಿದಷ್ಟು, ಅಂದರೆ ನಿಮಿಷಕ್ಕೆ ಶೇ 4. ಮೊದಲು 30ರ ಹತ್ತಿರ ಇದ್ದದ್ದು ಐದು ನಿಮಿಷಕ್ಕೆ ಸುಮಾರು 260 ಮುಟ್ಟುತ್ತದೆ. ಒಲೆ ಆರಿಸಿದ ಮೇಲೆ ಏರಿದ್ದರ ಅರ್ಧ ಇಳಿಯಲು 17 ನಿಮಿಷ. ಎಕ್ಸಾಸ್ಟ್ ಫ್ಯಾನ್ ಹಾಕಿ 10 ಸಲ ಮಾಡಿ ನೋಡಿ: ತುದಿ 210ರ ಹತ್ತಿರವೇ, ಆದರೆ ಅರ್ಧ ಇಳಿಯಲು 4 ನಿಮಿಷ ಸಾಕು. ಒಲೆ ಜೊತೆಗೇ ಫ್ಯಾನ್ ಆರಿಸುವವರು ಇದನ್ನು ನೋಡಬೇಕು, ಅಲ್ವಾ? ಕೋಣೆ ಪೂರ್ತಿ ಗಾಳಿ ಒಂದೇ ಸಮ ಬೆರೆತಿದೆ ಅಂತ ಈ ಲೆಕ್ಕ ನಂಬುತ್ತದೆ. ಬಾಣಲೆ ಎದುರು ನಿಂತವರಿಗೆ ಇನ್ನೂ ಜಾಸ್ತಿ.

ಆಮೇಲೆ ಉಸಿರು. ದೊಡ್ಡವರಿಗೆ ಮಲಗಿದ್ದಾಗ, ಕೂತಿದ್ದಾಗ ಗಂಟೆಗೆ ಸುಮಾರು 0.3 ಘನ ಮೀಟರ್, ಹಗುರ ಕೆಲಸಕ್ಕೆ 0.7, ಸೈಕಲ್ ತುಳಿಯುವಾಗ 1.6. ಪ್ರತಿ ಸಾಲಿನಲ್ಲಿ ಗಂಟೆ, ಗಾಳಿಯ ಅಂಕಿ, ಉಸಿರು ಮೂರನ್ನೂ ಗುಣಿಸಿ. ಅತ್ತೆಯ ಅಡುಗೆಮನೆ ಸರಾಸರಿ 120 ಅಂತಿಟ್ಟರೆ ಎರಡು ಗಂಟೆಗೆ 168 ಮೈಕ್ರೋಗ್ರಾಂ. ನಾನು ಸಿಲ್ಕ್ ಬೋರ್ಡ್ ಕಡೆ ಸ್ಕೂಟರಿನಲ್ಲಿ ಒಂದೂವರೆ ಗಂಟೆ ಕಳೆಯುತ್ತೇನೆ. ರಸ್ತೆಗೆ 90, ಉಸಿರಿಗೆ 0.6 ಹಾಕಿದರೆ ಬರುವುದು 81. ಮಾಸ್ಕ್ ಹಾಕಿಕೊಂಡು ಓಡಾಡುವವಳು ನಾನು! ಅದೇ ಗಾಳಿಯಲ್ಲಿ ಅಷ್ಟೇ ಹೊತ್ತು ಸೈಕಲ್ ತುಳಿದರೆ 216.

ಒಬ್ಬರದ್ದು ಮುಗಿದ ಮೇಲೆ ಬಡಾವಣೆಗೆ ಹಿಗ್ಗಿಸಬಹುದು. ಸಾವಿರ ಸಾಲು ಮಾಡಿ, ಗಾಳಿ ಬದಲಾವಣೆ, ಅಡುಗೆ ಹೊತ್ತು, ಉಸಿರು ಇವಕ್ಕೆ ರ‍್ಯಾಂಡ್ ಫಾರ್ಮುಲಾ (ಎಕ್ಸೆಲ್‌ನಲ್ಲಿ ಮನಬಂದ ಅಂಕಿ ಎತ್ತಿಕೊಡುವುದು) ಕೊಟ್ಟು ಒಂದು ಮಿತಿಯೊಳಗೆ ಆಡಲು ಬಿಡಿ. ಸರಾಸರಿಯನ್ನಲ್ಲ, ಎಲ್ಲರಿಗಿಂತ ಹೆಚ್ಚು ದೂಳು ಉಸಿರಾಡಿದ 50 ಜನರನ್ನು ನೋಡಿ, ಅವರ ಸಾಲುಗಳಲ್ಲಿ ಏನು ಸಮಾನ ಅಂತ ಹುಡುಕಿ. ಅಮೆರಿಕದ ಪರಿಸರ ಸಂಸ್ಥೆಯ ಏಪೆಕ್ಸ್ ಅನ್ನುವ ಸಾಫ್ಟ್‌ವೇರ್ ಮಾಡುವುದೂ ಮೂಲತಃ ಇದನ್ನೇ: ಜನಗಣತಿಗೆ ಹೊಂದುವ ಕಾಲ್ಪನಿಕ ಜನರಿಗೆ ನಿಜವಾದ ದಿನಚರಿ ಹಚ್ಚಿ ಜಾಗದಿಂದ ಜಾಗಕ್ಕೆ ಓಡಾಡಿಸುತ್ತದೆ. ಅದರ ದಿನಚರಿಗಳು ಅಲ್ಲಿನ ಜನರವು, ಹಾಗಾಗಿ ನಮ್ಮ ಅಡುಗೆಮನೆಗೆ ಹಾಗೇ ತಂದು ಹಾಕಬೇಡಿ.

ಕೊನೆಗೆ ಒಂದು ಅಗ್ಗದ ಸೆನ್ಸರ್ ಇಟ್ಟು ತಾಳೆ ನೋಡಿ. ಇವು ಬೆಳಕು ಚದುರುವುದನ್ನು ನೋಡಿ ಅಳೆಯುತ್ತವೆ. ಮಳೆಗಾಲದ ತೇವಕ್ಕೆ ಕಣ ಊದಿಕೊಂಡರೆ ಇಲ್ಲದ ದೂಳನ್ನೂ ತೋರಿಸುತ್ತವೆ. ಕುಕ್ಕರಿನ ಹಬೆಯಿಂದಂತೂ ದೂರ ಇಡಿ.