ವಿದೇಶದಿಂದ ನಾಲ್ಕು ತಿಂಗಳಿಗೆ ಮಲೆನಾಡಿನ ಮನೆಗೆ ಬರುವವರಿಗೆ: ನಂಬರ್, ಗ್ಯಾಸ್, ಕರೆಂಟ್

ಹೊರದೇಶದಲ್ಲಿ ಗ್ಯಾಸು, ಕರೆಂಟು ಮನೆಯ ವಿಳಾಸಕ್ಕೆ ಅಂಟಿಕೊಂಡಿರುತ್ತವೆ. ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಬಹುಪಾಲು ಕೆಲಸ ಸಾಗುವುದು ಮೊಬೈಲ್ ನಂಬರಿನ ಮೇಲೆ. ಹಾಗಾಗಿ ಮೊದಲು ಅದನ್ನು ಸರಿಮಾಡಿಕೊಳ್ಳಿ.

ಹಳೇ ಸಿಮ್ ಇದ್ದರೆ ಸಾಯಲು ಬಿಡಬೇಡಿ. 90 ದಿನ ಬಳಕೆಯೇ ಇಲ್ಲದೆ, ಬ್ಯಾಲೆನ್ಸೂ ಇಲ್ಲದೆ ಬಿದ್ದಿದ್ದರೆ ನಂಬರ್ ರದ್ದಾಗಿ ಕೊನೆಗೆ ಬೇರೆಯವರ ಪಾಲಾಗುತ್ತದೆ. ಬ್ಯಾಂಕಿನಲ್ಲಿ ಕೊಟ್ಟ ನಂಬರಿನ ಸಿಮ್ ಫೋನಿನಲ್ಲಿ ಇಲ್ಲದಿದ್ದರೆ ಯುಪಿಐ ನೋಂದಣಿಯೂ ಆಗುವುದಿಲ್ಲ. ಹೊಸ ಸಿಮ್ ಕೊಳ್ಳುವುದಾದರೆ ಯಾವ ಕಂಪನಿ ಒಳ್ಳೆಯದು ಎಂದು ಅಂತರ್ಜಾಲದಲ್ಲಿ ಹುಡುಕುವ ಬದಲು ಪಕ್ಕದ ಮನೆಯವರನ್ನು ಕೇಳಿ. ಗುಡ್ಡದ ಮರೆಯ ಎಷ್ಟೋ ಊರುಗಳಲ್ಲಿ ಸಿಗ್ನಲ್ ಸಿಗುವುದು ಒಂದೇ ಕಂಪನಿಯದು, ಅದೂ ಅಂಗಳದ ಒಂದು ಮೂಲೆಯಲ್ಲಿ.

ಈಗ ಗ್ಯಾಸ್. ಪೈಪಿನಲ್ಲಿ ಬರುವ ಗ್ಯಾಸಿಗೆ ಒಗ್ಗಿದವರು ಎಡವುವುದು ಇಲ್ಲೇ. ಕನೆಕ್ಷನ್ ಸಾಮಾನ್ಯವಾಗಿ ಅಪ್ಪನ ಅಥವಾ ಅಮ್ಮನ ಹೆಸರಿನಲ್ಲಿರುತ್ತದೆ, ನಂಬರ್ ಬೆಂಗಳೂರಿನ ಅಣ್ಣನದ್ದು. ಸಿಲಿಂಡರ್ ತಂದವರಿಗೆ ಹೇಳಬೇಕಾದ ಕೋಡ್ ಅಣ್ಣನ ಫೋನಿಗೆ ಹೋಗುತ್ತದೆ, ಅಣ್ಣ ಮೀಟಿಂಗಿನಲ್ಲಿರುತ್ತಾನೆ, ಲಾರಿ ಮುಂದಿನ ಊರಿಗೆ ಹೊರಟುಹೋಗುತ್ತದೆ. ಗ್ಯಾಸ್ ಪುಸ್ತಕ ಹಿಡಿದು ಏಜೆನ್ಸಿಗೆ ಹೋಗಿ ನಂಬರ್ ಬದಲಿಸಿ, ಕನೆಕ್ಷನ್ ಯಾರ ಹೆಸರಿನಲ್ಲಿದೆಯೋ ಅವರ ಇ-ಕೆವೈಸಿ (ಆಧಾರ್ ಮೂಲಕ ಗುರುತಿನ ಪರಿಶೀಲನೆ) ಬಾಕಿಯಿದ್ದರೆ ಮುಗಿಸಿಕೊಳ್ಳಿ. ಗಾಡಿ ನಿಮ್ಮ ಕಡೆಗೆ ಯಾವ ವಾರ ಬರುತ್ತದೆ, ಮನೆ ಬಾಗಿಲಿಗೋ ಡಾಂಬರು ರಸ್ತೆವರೆಗೋ ಎಂಬುದನ್ನೂ ಅಲ್ಲೇ ಕೇಳಿ.

ಸಿಲಿಂಡರ್ ಇಳಿಸಿದ ಕೂಡಲೇ ದುಡ್ಡು ಕೊಡಬೇಡಿ. ಹಿಡಿಕೆಯ ಕೆಳಗಿನ ಪಟ್ಟಿಯಲ್ಲಿ ಖಾಲಿ ತೂಕ ಬರೆದಿರುತ್ತದೆ. 15.8 ಎಂದಿದ್ದರೆ ಅದಕ್ಕೆ ಒಳಗಿನ ಗ್ಯಾಸಿನ ತೂಕ 14.2 ಕೂಡಿಸಿ, ತಕ್ಕಡಿ 30 ಕೆಜಿ ತೋರಿಸಬೇಕು. ಅಲ್ಲೇ ಒಂದು ಅಕ್ಷರ, ಎರಡು ಅಂಕಿ ಕಾಣುತ್ತದೆ: ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಏಪ್ರಿಲ್‌ನಿಂದ ಜೂನ್, ಸಿ ಜುಲೈಯಿಂದ ಸೆಪ್ಟೆಂಬರ್, ಡಿ ಕೊನೆಯ ಮೂರು ತಿಂಗಳು, ಅಂಕಿ ಇಸವಿಯದು. ಅದು ಮರುಪರೀಕ್ಷೆಯ ಗಡುವು. ದಾಟಿದ್ದರೆ ವಾಪಸ್ ಕಳಿಸಿ.

ಸೀಲ್ ಕಿತ್ತು, ದಾರ ಎಳೆದು ಮುಚ್ಚಳ ತೆಗೆದ ಮೇಲೆ ಟಾರ್ಚ್ ಹಾಕಿ ವಾಲ್ವಿನೊಳಗೆ ನೋಡಿ. ಕಪ್ಪು ರಬ್ಬರಿನ ಉಂಗುರ ಕಾಣಬೇಕು. ಅದು ಹರಿದಿದ್ದರೆ ಅಥವಾ ಇಲ್ಲದಿದ್ದರೆ ರೆಗ್ಯುಲೇಟರ್ ಎಷ್ಟೇ ಬಿಗಿಯಾಗಿ ಕೂತರೂ ಪಕ್ಕದಿಂದ ಗ್ಯಾಸ್ ಸೋರುತ್ತದೆ. ಮುಚ್ಚಳ ಹಾಕಿ ಬದಲಿಸಲು ಹೇಳಿ. ಸರಿಯಿದ್ದರೆ ರೆಗ್ಯುಲೇಟರಿನ ಗುಂಡಿ ಆಫ್‌ನಲ್ಲಿಟ್ಟು, ಕೆಳಗಿನ ಬಳೆಯನ್ನು ಮೇಲೆತ್ತಿ ಹಿಡಿದು ವಾಲ್ವಿನ ಮೇಲೆ ಒತ್ತಿ, ಬಳೆಯನ್ನು ಕೆಳಗೆ ತಳ್ಳಿ. ಟಕ್ ಎನ್ನಬೇಕು. ಆಮೇಲೆ ಗುಂಡಿ ತಿರುಗಿಸಿ ಸೋಪಿನ ನೀರು ಹಚ್ಚಿ ನೋಡಿ, ಗುಳ್ಳೆ ಏಳಬಾರದು. ಕಡ್ಡಿ ಗೀರಿ ಪರೀಕ್ಷಿಸುವವರು ಇನ್ನೂ ಇದ್ದಾರೆ, ಅವರನ್ನು ಅಡುಗೆಮನೆಯಿಂದ ಆಚೆ ಕಳಿಸಿ. ಬೀಗ ಹಾಕಿದ್ದ ಮನೆಯಲ್ಲಿ ಇಲಿ ರಬ್ಬರ್ ಪೈಪ್ ಕಡಿದಿರುವುದು ಮಾಮೂಲು. ಒಳಗೆ ಸ್ಟೀಲ್ ತಂತಿಯಿರುವ ಸುರಕ್ಷಾ ಪೈಪನ್ನೇ ಹಾಕಿಸಿ, ಐದು ವರ್ಷಕ್ಕೊಮ್ಮೆ ಬದಲಿಸಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ ರೆಗ್ಯುಲೇಟರ್ ಬಂದ್ ಮಾಡಿ, ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ಕರೆಂಟು ಮೆಸ್ಕಾಂನದು, ದೂರಿಗೆ 1912. ಬಿಲ್ಲಿನಲ್ಲಿರುವ, ನಿಮ್ಮ ಕನೆಕ್ಷನ್ನಿನ ಗುರುತಾದ ಆರ್‌ಆರ್ ನಂಬರ್ ಬರೆದಿಟ್ಟುಕೊಳ್ಳಿ. ಆದರೆ ಜುಲೈ ಮಳೆಯಲ್ಲಿ ಮರ ಬಿದ್ದು ಲೈನ್ ಹೋದಾಗ ನಿಮ್ಮ ಭಾಗದ ಲೈನ್‌ಮ್ಯಾನ್ ನಂಬರೇ ಹೆಚ್ಚು ಪ್ರಯೋಜನ. ಮನೆ ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿಯಲ್ಲಿದ್ದರೆ ಉಚಿತ ಯೂನಿಟ್ ಹಿಂದಿನ ಸರಾಸರಿಯ ಮೇಲೆ ನಿಗದಿಯಾಗಿರುತ್ತದೆ. ಬೀಗ ಬಿದ್ದಿದ್ದ ಮನೆಯ ಸರಾಸರಿ ಕಡಿಮೆ, ಗೀಸರ್ ಹಾಕಿದ ತಿಂಗಳೇ ಅದು ಮೀರುತ್ತದೆ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ನಿಮ್ಮದೇ.

ಅಮೆರಿಕದಿಂದ ಮಿಕ್ಸರ್, ಹೇರ್ ಡ್ರೈಯರ್ ತರಬೇಡಿ. 120 ವೋಲ್ಟಿನದ್ದು ಇಲ್ಲಿನ 230ಕ್ಕೆ ಸುಟ್ಟುಹೋಗುತ್ತದೆ. ಚಾರ್ಜರಿನ ಮೇಲೆ 100–240 ಎಂದಿದ್ದರೆ ಬರೀ ಪಿನ್ ಅಡಾಪ್ಟರ್ ಸಾಕು. ಏಪ್ರಿಲ್, ಮೇ ತಿಂಗಳ ಸಿಡಿಲು ಮಳೆಗೆ ಟಿವಿ, ಮೋಡೆಮ್ ಪ್ಲಗ್ ಕಿತ್ತಿಡಿ. ಸ್ವಿಚ್ ಆರಿಸಿದರೆ ಸಾಲದು. ಇನ್ವರ್ಟರ್ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರನ್ನು ಮೇಲಿನ ಗುರುತಿನವರೆಗೆ ಮಾತ್ರ ಹಾಕಿ, ನಲ್ಲಿ ನೀರು ಬೇಡವೇ ಬೇಡ. ತಿಂಗಳುಗಟ್ಟಲೆ ಚಾರ್ಜಿಲ್ಲದೆ ಬಿದ್ದ ಬ್ಯಾಟರಿ ಹೆಚ್ಚಿನಂಶ ಮತ್ತೆ ಏಳುವುದಿಲ್ಲ. ಹೊಸದರ ಖರ್ಚನ್ನು ಮೊದಲೇ ಲೆಕ್ಕದಲ್ಲಿಟ್ಟುಕೊಳ್ಳಿ.

ಪಾರ್ಸೆಲ್ ಎಲ್ಲ ಮನೆಗಳಿಗೂ ಬರುವುದಿಲ್ಲ. ಆರ್ಡರ್ ಮಾಡುವಾಗ ಪೇಟೆಯ ಪರಿಚಿತ ಅಂಗಡಿಯ ವಿಳಾಸ ಕೊಡಿ, ಅಂಗಡಿಯವರಿಗೆ ಮುಂಚೆಯೇ ಹೇಳಿರಿ, ಫೋನ್ ನಂಬರ್ ಮಾತ್ರ ನಿಮ್ಮದೇ ಇರಲಿ.