ಹಕ್ಕು ಲೇಖಕರಿಗೇ ಬಿಟ್ಟ ಮೇಲೂ ಪತ್ರಿಕೆ ನಡೆಯಿತು: ನನ್ನ ಅನುಭವ

2019ರಲ್ಲಿ ನಮ್ಮ ಸಂಶೋಧನಾ ಪತ್ರಿಕೆಯ ಸಂಪಾದಕ ಮಂಡಳಿ ಸಭೆಯಲ್ಲಿ ನಾನು ಎರಡು ಮಾತು ಮುಂದಿಟ್ಟೆ. ಇನ್ನು ಮುಂದೆ ಲೇಖಕರಿಂದ ಒಂದು ರೂಪಾಯಿಯೂ ತೆಗೆದುಕೊಳ್ಳಬಾರದು. ಕಾಪಿರೈಟ್ ಕೂಡ ಅವರ ಹತ್ತಿರವೇ ಇರಬೇಕು. ಮೇಜಿನ ಸುತ್ತ ಆರು ಜನ ಇದ್ದೆವು. ನಾಲ್ವರು ಬೇಡವೇ ಬೇಡ ಎಂದರು. "ದುಡ್ಡೂ ಬೇಡ, ಹಕ್ಕೂ ಬೇಡ ಅಂದ್ರೆ ಪತ್ರಿಕೆಗೆ ಉಳಿಯೋದಾದ್ರೂ ಏನು ಸರ್?" ಎಂದು ಒಬ್ಬರು ಕೇಳಿದರು. ಹಿರಿಯರೊಬ್ಬರು ಎರಡು ವರ್ಷದಲ್ಲಿ ಅಂಗಡಿ ಮುಚ್ಚುತ್ತೀರಿ ಎಂದೇ ಹೇಳಿದರು. ಪತ್ರಿಕೆ ಇವತ್ತೂ ನಡೆಯುತ್ತಿದೆ. ವರ್ಷಕ್ಕೆ ಎರಡು ಸಂಚಿಕೆ, ಹದಿನಾಲ್ಕು ಹದಿನೈದು ಲೇಖನ. ಆಮೇಲೆ ಒಂದು ಸಂಚಿಕೆಯನ್ನೂ ತಪ್ಪಿಸಿಲ್ಲ. ಆ ಹಿರಿಯರೇ ಹೋದ ವರ್ಷ ತಮ್ಮ ಲೇಖನ ಕಳಿಸಿದರು. ಅದಕ್ಕೇ ಈಗ ಬರೆಯುವ ಧೈರ್ಯ ಬಂದಿದೆ.

ನಮ್ಮದು ಮಲೆನಾಡಿನ ಒಂದು ಪದವಿ ಕಾಲೇಜಿನಿಂದ ಬರುವ, ಯಾರಾದರೂ ಬಿಟ್ಟಿಯಾಗಿ ಓದಬಹುದಾದ ಮುಕ್ತ ಕನ್ನಡ ಸಂಶೋಧನಾ ಪತ್ರಿಕೆ. ಜನಪದ, ಶಾಸನ, ಊರಿನ ಇತಿಹಾಸ ನಮ್ಮ ವಿಷಯ. ಒಜೆಎಸ್ ಅಂದರೆ ಪತ್ರಿಕೆ ನಡೆಸುವ ತಂತ್ರಾಂಶ, ಪಿಯರ್ ರಿವ್ಯೂ ಅಂದರೆ ವಿಷಯ ಬಲ್ಲವರಿಂದ ಲೇಖನದ ಪರಿಶೀಲನೆ, ಡಿಒಐ ಅಂದರೆ ಲೇಖನಕ್ಕೆ ಕೊಡುವ ಶಾಶ್ವತ ಗುರುತಿನ ಸಂಖ್ಯೆ. ಅದಕ್ಕಿಂತ ಹೆಚ್ಚು ವಿವರಿಸಲು ಹೋಗುವುದಿಲ್ಲ.

ಮೊದಲ ತಪ್ಪು ಲೇಖನ ಕಳಿಸುವ ಫಾರ್ಮಿನಲ್ಲೇ ಇತ್ತು. 2016ರಲ್ಲಿ ಶುರು ಮಾಡಿದಾಗ ಬೇರೆ ಯಾವುದೋ ಪತ್ರಿಕೆಯ ನಿಯಮಗಳನ್ನು ಎತ್ತಿಕೊಂಡು ಕನ್ನಡಕ್ಕೆ ತಂದಿದ್ದೆವು. "ಲೇಖನ ಕಳಿಸಿದರೆ ಅದರ ಎಲ್ಲ ಹಕ್ಕುಗಳೂ ಪತ್ರಿಕೆಗೆ ಸೇರುತ್ತವೆ" ಎಂಬ ಸಾಲು ಅದರಲ್ಲಿತ್ತು. ಯಾರೂ ಅದನ್ನು ಪ್ರಶ್ನಿಸಲಿಲ್ಲ, ನಾವೂ ಯೋಚಿಸಲಿಲ್ಲ. 2018ರಲ್ಲಿ ನಮ್ಮ ಲೇಖಕಿಯೊಬ್ಬರು ತಮ್ಮ ಏಳು ಲೇಖನ ಸೇರಿಸಿ ಪುಸ್ತಕ ತರಲು ಹೊರಟರು. ಅದರಲ್ಲಿ ಮೂರು ನಮ್ಮಲ್ಲಿ ಬಂದವು. ಪ್ರಕಾಶಕರು ನಮ್ಮ ಪುಟ ನೋಡಿ, ಹಕ್ಕು ನಿಮ್ಮದಲ್ಲ, ಪತ್ರಿಕೆಯದ್ದು, ಮೊದಲು ಅವರಿಂದ ಪತ್ರ ತನ್ನಿ ಎಂದುಬಿಟ್ಟರು. ಆ ಮೇಡಂ ಫೋನ್ ಮಾಡಿ, "ನನ್ನ ಲೇಖನಕ್ಕೆ ನಾನೇ ನಿಮ್ಮ ಅನುಮತಿ ಕೇಳಬೇಕಾ ಸರ್?" ಎಂದರು. ನನಗೆ ನಿಜಕ್ಕೂ ನಾಚಿಕೆಯಾಯಿತು. ಅವತ್ತೇ ಪತ್ರ ಬರೆದುಕೊಟ್ಟೆ. ಆದರೆ ಆ ಮಾತು ಮನಸ್ಸಿನಿಂದ ಹೋಗಲಿಲ್ಲ.

ವಕೀಲ ಗೆಳೆಯನೊಬ್ಬನ ಹತ್ತಿರ ಆ ಫಾರ್ಮು ತೋರಿಸಿದೆ. ಅವನು 1957ರ ಕಾಪಿರೈಟ್ ಕಾಯ್ದೆ ತೆಗೆದು ಸೆಕ್ಷನ್ 19 ಓದಿಸಿದ. ಹಕ್ಕು ಬೇರೆಯವರಿಗೆ ಹೋಗಬೇಕಾದರೆ ಬರಹದಲ್ಲಿರಬೇಕು, ಕೊಡುವವರ ಸಹಿ ಇರಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದೇ ವರ್ಷ. ಎಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ನಮ್ಮ ಹತ್ತಿರ ಒಂದೇ ಒಂದು ಸಹಿ ಇರಲಿಲ್ಲ. ಅಂದರೆ ಮೂರು ವರ್ಷ ನಮ್ಮದು ಎಂದು ಹೇಳಿಕೊಂಡು ಬಂದಿದ್ದ ಹಕ್ಕು ನಮ್ಮ ಕೈಗೆ ಬಂದೇ ಇರಲಿಲ್ಲ. ಸೆಕ್ಷನ್ 57 ಇನ್ನೂ ಮುಂದೆ ಹೋಗುತ್ತದೆ. ಹಕ್ಕು ಮಾರಿದ ಮೇಲೂ ಇದು ನಾನು ಬರೆದದ್ದು ಎಂದು ಹೇಳಿಕೊಳ್ಳುವುದು, ತನ್ನ ಹೆಸರಿಗೆ ಕುಂದು ಬರುವಂತೆ ತಿರುಚಿದರೆ ತಡೆಯುವುದು ಲೇಖಕರ ಕೈಯಲ್ಲೇ ಇರುತ್ತದೆ.

ಮಂಡಳಿಯವರನ್ನು ಒಪ್ಪಿಸಿದ್ದು ಈ ಕಾಯ್ದೆಯಲ್ಲ, ಒಂದು ಸಣ್ಣ ಲೆಕ್ಕ. ಪತ್ರಿಕೆಗೆ ಏನೇನು ಬೇಕು ಎಂದು ಕಪ್ಪು ಹಲಗೆ ಮೇಲೆ ಬರೆಯಿಸಿದೆ. ವೆಬ್‌ಸೈಟಿನಲ್ಲಿ ಹಾಕಬೇಕು. ಶಾಶ್ವತವಾಗಿ ಇಡಬೇಕು. ವರ್ಷದ ಕೊನೆಗೆ ಪುಸ್ತಕವಾಗಿ ಅಚ್ಚು ಹಾಕಿ ಮಾರಬೇಕು. ಮುಂದೆ ಇಂಗ್ಲಿಷಿಗೂ ತರಬಹುದು. ಕ್ರಿಯೇಟಿವ್ ಕಾಮನ್ಸ್ ಸಂಸ್ಥೆ ರೂಪಿಸಿದ ಸಿಸಿ ಬೈ ಎಂಬ ಪರವಾನಗಿ ಇದ್ದರೆ ಇಷ್ಟನ್ನೂ ಯಾರು ಬೇಕಾದರೂ ಮಾಡಬಹುದು, ಲೇಖಕರ ಹೆಸರು, ಪರವಾನಗಿ, ಮಾಡಿದ ಬದಲಾವಣೆ ಹೇಳಿದರೆ ಸಾಕು. ಆ ಯಾರು ಬೇಕಾದರೂ ಎಂಬುದರಲ್ಲಿ ನಾವೂ ಇದ್ದೇವೆ ಅಲ್ವಾ? ಹಲಗೆ ಮೇಲಿದ್ದ ಒಂದು ಕೆಲಸಕ್ಕೂ ಕಾಪಿರೈಟ್ ಬೇಕಿರಲಿಲ್ಲ. ಅಲ್ಲಿಗೆ ಇಬ್ಬರು ನನ್ನ ಕಡೆ ಬಂದರು.

ಆದರೂ ಭಯ ಪೂರ್ತಿ ಹೋಗಿರಲಿಲ್ಲ. ಯಾರೋ ದುಡ್ಡು ಮಾಡಿಕೊಳ್ಳುತ್ತಾರೆ ಎಂಬ ಮಾತು ಬಂತು. ಅದಕ್ಕೆ ಒಂದೂವರೆ ವರ್ಷ, ದುಡ್ಡು ಮಾಡುವಂತಿಲ್ಲ (ಎನ್‌ಸಿ), ಬದಲಿಸಿ ಹಂಚುವಂತಿಲ್ಲ (ಎನ್‌ಡಿ) ಎಂಬ ಷರತ್ತುಗಳಿರುವ ಸಿಸಿ ಬೈ-ಎನ್‌ಸಿ-ಎನ್‌ಡಿ ಇಟ್ಟುಕೊಂಡೆವು. ಅದು ಎರಡನೆಯ ತಪ್ಪು. ಎನ್‌ಡಿ ಇದ್ದರೆ ಅನುವಾದ ಮಾಡಿ ಹಂಚುವ ಹಾಗಿಲ್ಲ. ಮಂಗಳೂರಿನ ಸಂಶೋಧಕಿಯೊಬ್ಬರು ನಮ್ಮ ಒಂದು ಲೇಖನವನ್ನು ತುಳುವಿಗೆ ತರುತ್ತೇನೆ ಎಂದರೆ ಲೇಖಕರನ್ನು ಹುಡುಕಿ ಒಪ್ಪಿಗೆ ತರಲು ನಾಲ್ಕು ತಿಂಗಳು ಬೇಕಾಯಿತು. ಅಷ್ಟರಲ್ಲಿ ಅವರ ಉತ್ಸಾಹ ಇಳಿದುಹೋಗಿತ್ತು. ಎನ್‌ಸಿ ಇದ್ದದ್ದಕ್ಕೆ ಕನ್ನಡ ವಿಕಿಪೀಡಿಯದವರು ನಮ್ಮ ಪಠ್ಯ ಬಳಸಲಾಗಲಿಲ್ಲ. ನಮ್ಮ ಲೇಖನದಿಂದ ದುಡ್ಡು ಮಾಡಲು ಒಬ್ಬರೂ ಬರಲಿಲ್ಲ. ಕನ್ನಡಕ್ಕಾಗಿ ಕೆಲಸ ಮಾಡುವವರನ್ನು ಮಾತ್ರ ಸುಮ್ನೆ ತಡೆದು ನಿಲ್ಲಿಸಿದ್ದೆವು. 2021ರಿಂದ ಹೊಸ ಲೇಖನಗಳಿಗೆಲ್ಲ ಸಿಸಿ ಬೈ 4.0.

ದುಡ್ಡಿನ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಮೊದಲು ಕೇಳುವುದೂ ಅದನ್ನೇ. ಮೊದಲು ಲೇಖನಕ್ಕೆ 1,500 ರೂಪಾಯಿ ತೆಗೆದುಕೊಳ್ಳುತ್ತಿದ್ದೆವು. ವರ್ಷಕ್ಕೆ 30 ಸಾವಿರದ ಹತ್ತಿರ ಬರುತ್ತಿತ್ತು. ಅದರ ಜೊತೆಗೆ ಒತ್ತಡವೂ ಬರುತ್ತಿತ್ತು. ದುಡ್ಡು ಕಟ್ಟಿದವರು "ಯಾವಾಗ ಬರುತ್ತೆ ಸರ್" ಎಂದು ದಿನಾ ಕೇಳುತ್ತಿದ್ದರು. ತಿರಸ್ಕರಿಸಿದರೆ ಜಗಳ. ಶುಲ್ಕ ನಿಲ್ಲಿಸಿದ ಮೊದಲ ವರ್ಷ ಬಂದ ಲೇಖನಗಳ ಸಂಖ್ಯೆ ಅರ್ಧಕ್ಕೆ ಇಳಿಯಿತು. ಬಿಟ್ಟಿ ಪತ್ರಿಕೆ ಅಂದರೆ ಬೆಲೆಯಿಲ್ಲದ್ದು ಎಂದು ಕೆಲವರು ಅಂದುಕೊಂಡರು. ಎರಡನೇ ವರ್ಷ ಬಂದವು ನಿಜವಾಗಿ ಕ್ಷೇತ್ರಕಾರ್ಯ ಮಾಡಿದವರ ಲೇಖನಗಳು. ಪರಿಶೀಲಕರೇ ಫೋನ್ ಮಾಡಿ ಈ ಸಲ ಓದಲು ಖುಷಿಯಾಯಿತು ಎಂದರು.

ವರ್ಷದ ಖರ್ಚು ನೆನಪಿನಿಂದ ಹೇಳುತ್ತೇನೆ. ಡೊಮೇನ್ ಒಂದು ಸಾವಿರದ ಆಸುಪಾಸು. ಸರ್ವರ್ ಆರು ಸಾವಿರ. ಡಿಟಿಪಿ ಮತ್ತು ಕರಡು ತಿದ್ದುವುದಕ್ಕೆ ಹದಿನೈದು ಸಾವಿರ. ಕ್ರಾಸ್‌ರೆಫ್ (ಡಿಒಐ ನೋಂದಾಯಿಸುವ ಸಂಸ್ಥೆ) ಸದಸ್ಯತ್ವ ನಾವು ಸೇರಿದಾಗ ಕೆಳಗಿನ ಹಂತಕ್ಕೆ 275 ಡಾಲರ್, ಅಂದರೆ 20 ಸಾವಿರ ದಾಟುತ್ತಿತ್ತು. ಅದರ ಮೇಲೆ ಪ್ರತಿ ಹೊಸ ಲೇಖನಕ್ಕೆ ಒಂದು ಡಾಲರ್. ಒಟ್ಟು 45 ಸಾವಿರದ ಒಳಗೆ. ಇದರಲ್ಲಿ ಅರ್ಧ ನಮ್ಮ ಹಳೆಯ ವಿದ್ಯಾರ್ಥಿಗಳಿಂದ, ಮಿಕ್ಕದ್ದು ವರ್ಷದ ಸಂಪುಟ ಅಚ್ಚು ಹಾಕಿ ಮಾರಿದ್ದರಿಂದ. 200 ಪ್ರತಿ ಹಾಕುತ್ತೇವೆ, 150ರ ಮೇಲೆ ಹೋಗುತ್ತದೆ. ಬಿಟ್ಟಿಯಾಗಿ ಓದಲು ಸಿಗುವ ಪುಸ್ತಕವನ್ನು ಜನ ಹೇಗೆ ಕೊಳ್ಳುತ್ತಾರೆ ಎಂಬುದಕ್ಕೆ ನಮ್ಮದೇ ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಸದ್ಯಕ್ಕೆ ನಮ್ಮ ಹತ್ತಿರವೇ ಇರಲಿ. ಇನ್ನೊಂದು ಮಾತು. ಐಎಸ್‌ಎಸ್‌ಎನ್ ಎಂಬ ಪತ್ರಿಕೆಯ ಗುರುತಿನ ಸಂಖ್ಯೆ ಕೊಡಿಸಲು ಏಜೆಂಟನೊಬ್ಬ ಆರು ಸಾವಿರ ಕೇಳಿದ್ದ. ದೆಹಲಿಯ ರಾಷ್ಟ್ರೀಯ ಕೇಂದ್ರ ಅದನ್ನು ಉಚಿತವಾಗಿ ಕೊಡುತ್ತದೆ. ಅಚ್ಚಿಗೆ ಬೇರೆ, ಆನ್‌ಲೈನಿಗೆ ಬೇರೆ ನಂಬರ್ ಪಡೆಯಬೇಕು, ಅಷ್ಟೇ.

ಕ್ರಾಸ್‌ರೆಫ್‌ಗೆ ದುಡ್ಡಿಲ್ಲದ ಮೊದಲ ಎರಡು ವರ್ಷ ಝೆನೋಡೊದಲ್ಲಿ ಪ್ರಯೋಗ ಮಾಡಿದೆವು. ಜಿನೀವಾದ ಸರ್ನ್ ಎಂಬ ಭೌತವಿಜ್ಞಾನ ಸಂಸ್ಥೆ ನಡೆಸುವ ಆನ್‌ಲೈನ್ ಭಂಡಾರ ಅದು, ಡಿಒಐ ಪುಕ್ಕಟೆ. ಒಂದೊಂದೇ ಲೇಖನ ಕೈಯಿಂದ ಏರಿಸಬೇಕಿತ್ತು. ಡಿಒಐ ಒತ್ತಿದರೆ ಓದುಗರು ನಮ್ಮ ಪುಟದ ಬದಲು ಅವರ ಪುಟಕ್ಕೆ ಹೋಗುತ್ತಿದ್ದರು. ಆದರೂ ಒಂದು ಸಲ ಅದೇ ನಮ್ಮನ್ನು ಕಾಪಾಡಿತು. ಸರ್ವರ್ ಕಂಪನಿಯ ಎಡವಟ್ಟಿನಿಂದ ನಮ್ಮ ಸೈಟು ಹನ್ನೊಂದು ದಿನ ಮಲಗಿತ್ತು, ಬ್ಯಾಕಪ್ಪೂ ಹಳೆಯದು. ಎರಡು ಸಂಚಿಕೆಯ ಫೈಲುಗಳನ್ನು ಝೆನೋಡೊದಿಂದಲೇ ಇಳಿಸಿಕೊಂಡೆ. ಅದಾದ ಮೇಲೆ ಒಜೆಎಸ್ ತಯಾರಿಸುವ ಪಿಕೆಪಿಯವರ ಸಂರಕ್ಷಣಾ ಜಾಲಕ್ಕೂ (ಲೇಖನಗಳ ಪ್ರತಿಗಳನ್ನು ಬೇರೆ ಕಡೆ ಕಾಪಾಡಿಡುವ ವ್ಯವಸ್ಥೆ) ಸೇರಿಕೊಂಡೆವು. ಒಜೆಎಸ್ ಪತ್ರಿಕೆಗಳಿಗೆ ಅದು ಉಚಿತ. ಇನ್ನೂ ಸೇರದವರು ಇವತ್ತೇ ಸೇರಿ.

ನುಡಿ ಫೈಲುಗಳ ಕಷ್ಟ ಕನ್ನಡ ಪತ್ರಿಕೆ ನಡೆಸುವವರಿಗೇ ಗೊತ್ತು. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಪಿಡಿಎಫ್ ಕಣ್ಣಿಗೆ ಚೆಂದ, ಆದರೆ ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ಹುಡುಕಲು ಬಾರದ ಲೇಖನವನ್ನು ಮುಕ್ತ ಎಂದು ಕರೆಯಲು ನನಗೆ ಮನಸ್ಸು ಬರಲಿಲ್ಲ. ಎಲ್ಲವನ್ನೂ ಯೂನಿಕೋಡಿಗೆ, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತಕ್ಕೆ ತಂದೆವು. ಹಾಗೆ ತರುವಾಗ ಅರ್ಕಾವೊತ್ತು ಇರುವ ಕಡೆಯೆಲ್ಲ ತಪ್ಪು. ಮೂವರು ಎಂಎ ವಿದ್ಯಾರ್ಥಿಗಳು ಬೇಸಿಗೆ ರಜೆಯಲ್ಲಿ ಕೂತು ತಿದ್ದಿದರು. ತಲಾ ನಾಲ್ಕು ಸಾವಿರ ಕೊಟ್ಟೆವು, ಅವರ ಕೆಲಸಕ್ಕೆ ಅದು ಕಡಿಮೆಯೇ.

ಮುಕ್ತ ಪತ್ರಿಕೆಗಳ ಅಂತರರಾಷ್ಟ್ರೀಯ ಪಟ್ಟಿಯಾದ ಡಿಒಎಜೆಗೆ ಹಾಕಿದ ಮೊದಲ ಅರ್ಜಿ ತಿರಸ್ಕಾರವಾಯಿತು. ಕಾರಣ ನಮ್ಮದೇ. ವೆಬ್ ಪುಟದಲ್ಲಿ ಸಿಸಿ ಬೈ ಎಂದಿತ್ತು. ಪಿಡಿಎಫ್ ಕೆಳಗೆ "ಎಲ್ಲ ಹಕ್ಕುಗಳನ್ನು ಕಾದಿರಿಸಲಾಗಿದೆ" ಎಂಬ ಹಳೆಯ ಸಾಲು ಹಾಗೇ ಉಳಿದಿತ್ತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಮತ್ತೆ ಅರ್ಜಿ ಹಾಕಲು ಆರು ತಿಂಗಳು ಕಾಯಬೇಕು. ಆ ಆರು ತಿಂಗಳಲ್ಲಿ ಪ್ರತಿ ಪಿಡಿಎಫ್ ತೆರೆದು ಮೊದಲ ಪುಟದಲ್ಲೇ ಹಕ್ಕು ಲೇಖಕರದ್ದು, ಪರವಾನಗಿ ಇಂಥದ್ದು ಎಂದು ಹಾಕಿದೆವು. ಎರಡನೇ ಸಲ ಒಪ್ಪಿದರು.

ನನಗೆ ಅತಿ ಹೆಚ್ಚು ಕಲಿಸಿದ್ದು ಅಂಟಿಗೆ ಪಂಟಿಗೆ ಹಾಡುಗಳ ಮೇಲಿನ ಒಂದು ಲೇಖನ. ದೀಪಾವಳಿ ರಾತ್ರಿ ದೀಪ ಹಿಡಿದು ಮನೆಮನೆಗೆ ಹೋಗಿ ಹಾಡುವ ನಮ್ಮ ಮಲೆನಾಡಿನ ತಂಡಗಳು ನಿಮಗೆ ಗೊತ್ತಿರಬಹುದು. ಲೇಖಕರು ಹನ್ನೆರಡು ಹಾಡಿನ ಧ್ವನಿಮುದ್ರಣವನ್ನೂ ಕಳಿಸಿದ್ದರು. ಲೇಖನದ ಜೊತೆ ಆಡಿಯೋ ಇಡುವ ಪ್ರಯೋಗ ಎಂದು ಉತ್ಸಾಹದಿಂದ ಎಲ್ಲದಕ್ಕೂ ಒಂದೇ ಸಿಸಿ ಬೈ ಹಾಕಿದೆವು. ಕೆಲವು ತಿಂಗಳ ಮೇಲೆ ಯಾರೋ ಎರಡು ಹಾಡು ಎತ್ತಿ ತಾಳ ಸೇರಿಸಿ ಯೂಟ್ಯೂಬಿಗೆ ಹಾಕಿದರು, ಜಾಹೀರಾತೂ ಬರುತ್ತಿತ್ತು. ತಂಡದ ಹಿರಿಯರು ಕಾಲೇಜಿಗೇ ಬಂದರು. ಜಗಳ ಮಾಡಲಿಲ್ಲ. "ನಮ್ಮನ್ನ ಒಂದ್ ಮಾತು ಕೇಳಬೇಕಿತ್ತಲ್ಲ ಮೇಷ್ಟ್ರೇ" ಎಂದರು, ಅಷ್ಟೇ. ಅವರು ಹೇಳಿದ್ದು ಸರಿ. ಲೇಖಕರಿಗೆ ತಾವು ಬರೆದದ್ದರ ಮೇಲೆ ಹಕ್ಕಿದೆ. ಹಾಡಿದವರ ಗಾಯನದ ಮೇಲೆ ಹಾಡಿದವರಿಗೆ ಹಕ್ಕಿದೆ. ನಮ್ಮ ಕಾಯ್ದೆಯ ಸೆಕ್ಷನ್ 38 ಅದನ್ನು 50 ವರ್ಷ ಕಾಯುತ್ತದೆ. ಲೇಖಕರದ್ದಲ್ಲದ್ದನ್ನು ಲೇಖಕರು ಕೊಡಲಾರರು, ನಾವು ಹಂಚಲಾರೆವು.

ಆಡಿಯೋ ಅವತ್ತೇ ತೆಗೆದೆವು. ಆದರೆ ಒಮ್ಮೆ ಕೊಟ್ಟ ಪರವಾನಗಿಯ ಹೆಸರಿನಲ್ಲಿ ಹೊರಗೆ ಹೋದದ್ದು ಪೂರ್ತಿ ವಾಪಸ್ ಬರಲಿಲ್ಲ. ಈಗ ನಿಯಮ ಬೇರೆ. ಬರಹಕ್ಕೆ ಸಿಸಿ ಬೈ. ಹಾಡು, ಫೋಟೋ, ಮನೆಯಲ್ಲಿಟ್ಟ ಕಡತ ಇವುಗಳ ಕೆಳಗೆ ಬೇರೆಯದೇ ಸಾಲು. ಹಾಡುವವರ ಊರಿಗೆ ಹೋಗಿ ಒಪ್ಪಿಗೆ ಪತ್ರವನ್ನು ಜೋರಾಗಿ ಓದಿ ಹೇಳುತ್ತೇವೆ. ಯೂಟ್ಯೂಬಿಗೆ ಹೋಗಬಹುದಾ, ಬೇರೆಯವರು ದುಡ್ಡು ಮಾಡಬಹುದಾ ಎಂದು ನೇರವಾಗಿ ಕೇಳುತ್ತೇವೆ. ಆಮೇಲೆ ಸಹಿ ಅಥವಾ ಹೆಬ್ಬೆಟ್ಟು. ಮೂರರಲ್ಲಿ ಒಂದು ತಂಡ ಬೇಡ ಎನ್ನುತ್ತದೆ. ಆಗ ಹಾಡಿನ ಸಾಹಿತ್ಯವನ್ನೂ ನಾಲ್ಕು ಸಾಲಿಗೆ ಇಳಿಸುತ್ತೇವೆ. ಆ ಹಿರಿಯರ ತಂಡ ಕಳೆದ ದೀಪಾವಳಿಗೆ ತಾವಾಗಿ ಕರೆದು ಐದು ಹಾಡು ಕೊಟ್ಟಿತು. ಪತ್ರಿಕೆಗೆ ಸಿಕ್ಕ ದೊಡ್ಡ ಮರ್ಯಾದೆ ಅದು ಎಂದು ನಾನು ತಿಳಿದಿದ್ದೇನೆ.

ಯುಜಿಸಿ ಮಾನ್ಯ ಮಾಡಿದ ಪತ್ರಿಕೆಗಳ ಕೇರ್ ಪಟ್ಟಿಯಲ್ಲಿ ನಾವು ಯಾವತ್ತೂ ಇರಲಿಲ್ಲ. ಅದನ್ನೇ ಹಿಡಿದು ಎಷ್ಟೋ ಜನ ಲೇಖನ ಕೊಡುತ್ತಿರಲಿಲ್ಲ. ಬಡ್ತಿಗೆ ಲೆಕ್ಕಕ್ಕೆ ಬರುತ್ತಿರಲಿಲ್ಲವಲ್ಲ, ಅವರನ್ನು ದೂರುವುದೂ ಸರಿಯಲ್ಲ. 2025ರ ಫೆಬ್ರವರಿಯಲ್ಲಿ ಆ ಪಟ್ಟಿಯೇ ನಿಂತಿತು. ಪತ್ರಿಕೆ ಹೇಗಿದೆ ಎಂದು ಕಾಲೇಜುಗಳೇ ನೋಡಿಕೊಳ್ಳಬೇಕಾಯಿತು. ಪರಿಶೀಲನೆ ಹೇಗೆ, ಹಕ್ಕು ಯಾರದ್ದು, ತಪ್ಪಾದರೆ ಲೇಖನ ಹೇಗೆ ಹಿಂತೆಗೆಯುತ್ತೀರಿ ಎಂದು ಕೇಳಿದವರಿಗೆಲ್ಲ ನಾನು ನಮ್ಮ ನೀತಿ ಪುಟ ಕಳಿಸಿದೆ. ಆರು ವರ್ಷ ಕೂತು ತಿದ್ದಿದ ಪುಟ ಅದು. ಯಾರೂ ಎರಡನೇ ಪ್ರಶ್ನೆ ಕೇಳಲಿಲ್ಲ.

ಈಗ ಉಳಿದಿರುವುದು ಹಳೆಯ ಲೇಖನಗಳ ಕೆಲಸ. ಸಿಸಿ ಬೈ ಬರುವ ಮೊದಲು ಬಂದವು ಅರವತ್ತರ ಮೇಲಿವೆ. ಲೇಖಕರ ಸಹಿ ಇಲ್ಲದೆ ಅವಕ್ಕೆ ಹೊಸ ಪರವಾನಗಿ ಹಾಕುವ ಅಧಿಕಾರ ನಮಗಿಲ್ಲ. ಎಲ್ಲರಿಗೂ ಪತ್ರ ಬರೆದೆ. ಮೊದಲ ಪತ್ರಕ್ಕೆ ಹತ್ತು ಉತ್ತರ ಬಂದವು. ಪತ್ರದ ಒಕ್ಕಣೆ ಬದಲಿಸಿದ ಮೇಲೆ ನಲವತ್ತು ದಾಟಿತು. ಏನು ಬದಲಿಸಿದೆ ಎಂಬುದನ್ನು ಬೇಕಾದವರು ಮನೆಗೆ ಬಂದರೆ ಹೇಳುತ್ತೇನೆ. ಇಬ್ಬರು ಬೇಡ ಎಂದರು, ಅವರ ಲೇಖನ ಹಾಗೇ ಇದೆ. ಮೂವರು ತೀರಿಕೊಂಡಿದ್ದಾರೆ. ಅವರ ಹಕ್ಕು ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ವಾರಸುದಾರರದ್ದು. ಒಬ್ಬರ ಮಗಳು ದಾವಣಗೆರೆಯಿಂದ ಕೈಬರಹದಲ್ಲಿ ಒಪ್ಪಿಗೆ ಕಳಿಸಿದರು. ಅಪ್ಪ ತಿದ್ದಿಟ್ಟಿದ್ದ ಪ್ರತಿಯನ್ನೂ ಜೊತೆಗಿಟ್ಟಿದ್ದರು. ನಾವು ಅಚ್ಚು ಹಾಕಿದ್ದರಲ್ಲಿ ಎರಡು ಶಾಸನದ ಸಾಲು ಬಿಟ್ಟುಹೋಗಿರುವುದು ಆಗ ಗೊತ್ತಾಯಿತು. ತಿದ್ದುಪಡಿ ಹಾಕಿ ಮುಂದಿನ ಸಂಚಿಕೆಯಲ್ಲಿ ತರುತ್ತಿದ್ದೇವೆ. ಇನ್ನೂ ಒಂಬತ್ತು ಲೇಖನಗಳ ಲೇಖಕರ ವಿಳಾಸ ಸಿಕ್ಕಿಲ್ಲ. ಅದರಲ್ಲಿ ಇಬ್ಬರು ಹಾವೇರಿ ಕಡೆಯವರು ಎಂದು ಒಬ್ಬರು ಹೇಳಿದ್ದಾರೆ. ಪರೀಕ್ಷೆ ಮುಗಿದ ಮೇಲೆ ಹೋಗಿ ವಿಚಾರಿಸಬೇಕು.